ಬೊಕೆಯೊಳಗೊಂದು ಕಡ್ಡಿ ಹಸಿರು

ಮದುಮಗಳು ಚರ್ಚಿನ ಬಾಗಿಲು ದಾಟಿ ಬರುವಾಗ ಎಲ್ಲರೂ ಅವಳ ಮುಖ, ಉಡುಗೆ, ಒಡವೆ ನೋಡುತ್ತಾರೆ. ನನ್ನ ಕಣ್ಣು ಹೋಗುವುದು ಅವಳ ಕೈಯ ಬೊಕೆಯ ಮೇಲೆ. ಹೂಗಳ ನಡುವೆ ಏನೇನು ಸಿಕ್ಕಿಸಿದ್ದಾರೆ, ದಂಟಿಗೆ ಏನು ಸುತ್ತಿದ್ದಾರೆ ಎಂದು ಹುಡುಕುವುದೇ ನನಗೊಂದು ಸುಖ. ದುಡ್ಡು ಕೊಟ್ಟರೆ ಗುಲಾಬಿ ಯಾರಿಗಾದರೂ ಸಿಗುತ್ತದೆ. ಮನೆಯದೊಂದು ಎಳೆ ಸೇರಿದರೆ ಮಾತ್ರ ಆ ಬೊಕೆ ಅವಳದಾಗುತ್ತದೆ.

ಇಂಗ್ಲೆಂಡಿನ ರಾಜಮನೆತನ ಇದನ್ನು ಚೆನ್ನಾಗಿ ಬಲ್ಲದು. 1845ರಲ್ಲಿ ವಿಕ್ಟೋರಿಯಾ ರಾಣಿ ಜರ್ಮನಿಯ ಗೋಥಾಕ್ಕೆ ಹೋಗಿದ್ದಾಗ ಪತಿ ಆಲ್ಬರ್ಟರ ಅಜ್ಜಿ ಆಕೆಗೊಂದು ಹೂಗೊಂಚಲು ಕೊಟ್ಟರು. ಅದರಲ್ಲಿದ್ದ ಮರ್ಟಲ್ ಕಡ್ಡಿಯನ್ನು ಐಲ್ ಆಫ್ ವೈಟ್ ದ್ವೀಪದಲ್ಲಿದ್ದ ತಮ್ಮ ಮನೆ ಆಸ್ಬೋರ್ನ್ ಹೌಸ್‌ನಲ್ಲಿ ಗೋಡೆಯ ಬುಡಕ್ಕೆ ನೆಟ್ಟರು. ಅದು ಬೇರು ಬಿಟ್ಟಿತು. 1858ರಲ್ಲಿ ಹಿರಿಮಗಳ ಮದುವೆಯ ಬೊಕೆಗೆ ಮರ್ಟಲ್ ಸೇರಿತು; 2011ರಲ್ಲಿ ಆ ಮನೆತನಕ್ಕೆ ಸೊಸೆಯಾಗಿ ಬಂದ ಕೇಟ್ ಮಿಡಲ್‌ಟನ್ ಹಿಡಿದ ಬೊಕೆಯಲ್ಲೂ ಇತ್ತು. ನೋಡಲು ಅಂಥ ಬೆಡಗಿನ ಗಿಡವೇನಲ್ಲ. ನಮ್ಮ ನೇರಳೆ, ಪೇರಳೆ, ಲವಂಗಗಳ ಕುಲದ್ದು. ಕಿರಿದಾದ ಹೊಳಪಿನ ಎಲೆ, ಹಿಸುಕಿದರೆ ಘಮ. ಬಿಳಿ ಹೂವಿನ ತುಂಬ ನೇರಳೆ ಹೂವಿನಂತೆಯೇ ಕೇಸರದ ಕುಚ್ಚು. ಅಜ್ಜಿಯೊಬ್ಬರ ಕೈಯಿಂದ ಬಂದದ್ದು ಎಂಬುದೇ ಅದರ ಬೆಲೆ.

ಬೊಕೆ ದುಃಖವನ್ನೂ ಹೊರಬಲ್ಲದು. 1923ರ ಏಪ್ರಿಲ್‌ನಲ್ಲಿ ಅದೇ ರಾಜಮನೆತನಕ್ಕೆ ಸೊಸೆಯಾಗಿ ಬರುತ್ತಿದ್ದ ಎಲಿಜಬೆತ್ ಬೋವ್ಸ್-ಲಯನ್ ಮದುವೆಗೆಂದು ವೆಸ್ಟ್‌ಮಿನ್‌ಸ್ಟರ್ ಅಬೆಯ ಒಳಗೆ ಹೋಗುತ್ತಲೇ ತಮ್ಮ ಬೊಕೆಯನ್ನು ಅಜ್ಞಾತ ಯೋಧನ ಸಮಾಧಿಯ ಮೇಲಿಟ್ಟರು. ಅವರ ಅಣ್ಣ ಫರ್ಗಸ್ 1915ರಲ್ಲಿ ಲೂಸ್ ಕದನದಲ್ಲಿ ಮಡಿದಿದ್ದರು. ಆ ರಾಜಮನೆತನದ ಮದುಮಕ್ಕಳು ಈಗಲೂ ಮದುವೆ ಮುಗಿದ ಮೇಲೆ ಬೊಕೆಯನ್ನು ಅಲ್ಲಿಗೆ ಕಳಿಸುವುದುಂಟು.

ನಮ್ಮ ಮಂಗಳೂರಿನ ಕ್ರೈಸ್ತರ ಮದುವೆಗಳಲ್ಲಿ ಹಿಂದಿನ ದಿನ ರೋಸ್ ಎಂಬ ಶಾಸ್ತ್ರ. ತೆಂಗಿನ ಹಾಲು ಹಚ್ಚಿ ಹಾಡು, ನಗು, ಮೈಯೆಲ್ಲ ಜಿಡ್ಡು. ಮರುದಿನ ಚರ್ಚಿಗೆ ಬಿಳಿಯುಡುಗೆ, ಕೈಯಲ್ಲಿ ಬೊಕೆ. ಅಂಥದೊಂದು ಮದುವೆಯಲ್ಲಿ ಬೊಕೆಯನ್ನು ಹತ್ತಿರದಿಂದ ನೋಡಿದೆ. ದಂಟುಗಳಿಗೆ ರಿಬ್ಬನ್ ಬದಲು ಅಜ್ಜಿಯ ಹಳೆಯ ಸಾಡೊ, ಅಂದರೆ ಮದುವೆಯ ಕೆಂಪು ಸೀರೆಯ ಜರಿಯಂಚು ಸುತ್ತಿದ್ದರು. ಮಡಿಕೆಯಲ್ಲಿ ಜರಿ ಕಪ್ಪಿಟ್ಟಿತ್ತು. ಅದರ ಮೇಲೆ ತಾಯಿಯ ಜಪಮಾಲೆ, ಶಿಲುಬೆ ಮುಂದಕ್ಕೆ ಬರುವಂತೆ. ಮಗಳು ಹಿಡಿದಲ್ಲೆಲ್ಲ ಬೆರಳಿಗೆ ಮಣಿ ತಗಲುತ್ತಿತ್ತು. ತಾಯಿ ಆ ಕೈಯನ್ನೇ ನೋಡುತ್ತ ಕುಳಿತಿದ್ದರು. ಹೂಗಳು ಯಾವುವೆಂದು ಕೇಳಿದರೆ ನನಗೀಗ ನೆನಪಿಲ್ಲ.

ಆದರೂ ಬೊಕೆಯಲ್ಲಿ ಮಲ್ಲಿಗೆ ಕಾಣದಿದ್ದರೆ ನನಗೆ ನೋವು. ಶಂಕರಪುರದ ಮಲ್ಲಿಗೆ ಅಷ್ಟು ಹತ್ತಿರದಲ್ಲಿದೆ. ಬಾಳೆನಾರಿನಲ್ಲಿ ಕಟ್ಟಿ, ಚೆಂಡು, ಅಟ್ಟೆ ಲೆಕ್ಕದಲ್ಲಿ ಮಾರುವ ಹೂ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕರಾವಳಿಯ ಮದುವೆ ಯಾರದೇ ಆಗಲಿ, ತಲೆಯಲ್ಲಿ ಅದಿಲ್ಲದೆ ಹೆಣ್ಣುಮಕ್ಕಳಿಗೆ ಸಮಾಧಾನವಿಲ್ಲ. ಅದೇ ಹೂ ಮದುಮಗಳ ಕೈಗೆ ಯಾಕೆ ಬೇಡ? ಬೇಗ ಬಾಡುತ್ತದೆ ಎನ್ನುತ್ತಾರೆ. ಬಾಡಲಿ, ಒಂದು ಬೆಳಗಿಗೆ ಸಾಕಲ್ಲವೇ?

ಮಗಳ ಮದುವೆ ಗೊತ್ತಾಗಿದ್ದರೆ ಬೊಕೆಯವರಿಗೆ ಮೊದಲೇ ಹೇಳಿಡಿ: ದಂಟಿನ ಬಳಿ ಒಂದಿಷ್ಟು ಜಾಗ ಬಿಡಲಿ. ಬೆಳಿಗ್ಗೆ ಬಾಳೆಲೆಯಲ್ಲಿ ಸುತ್ತಿಟ್ಟ ಮಲ್ಲಿಗೆ ತಂದು, ಚರ್ಚಿಗೆ ಹೊರಡುವ ಮುಂಚೆ, ಮನೆಯ ಹಿರಿಯರ ಕೈಯಿಂದಲೇ ಕಟ್ಟಿಸಿ.