5222ನೇ ಪ್ಲಾಟ್‌ಫಾರ್ಮು

ರಾತ್ರಿ ಊಟವಾದ ಮೇಲೆ ಹಾನಗಲ್ಲಿನ ನಮ್ಮ ಮನೆಯಲ್ಲಿ ಎಲ್ಲರೂ ಧಾರಾವಾಹಿ ನೋಡುತ್ತಾರೆ, ನಾನು ಪೋರ್ಟ್‌ಗಳನ್ನು ನೋಡುತ್ತೇನೆ. ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ‘ನೆಟ್‌ಸ್ಟ್ಯಾಟ್’ ಎಂದು ಹೊಡೆದರೆ ಅಂಕಿಗಳ ಸಾಲು ಉರುಳತೊಡಗುತ್ತದೆ. ‘ಅದರಾಗ ನೋಡಾಕ ಏನೈತ್ರೀ?’ ಎನ್ನುತ್ತಾಳೆ ನನ್ನಾಕೆ. ಧಾರಾವಾಹಿಯಲ್ಲಿ ಇರುವುದೇ ಇಲ್ಲೂ ಇದೆ, ಯಾರು ಯಾರ ಜೊತೆ ಮಾತಾಡುತ್ತಿದ್ದಾರೆ ಎಂಬುದು.

ಹಾವೇರಿ ಬಸ್ ಸ್ಟ್ಯಾಂಡ್ ಕಂಡವರಿಗೆ ಪೋರ್ಟ್ ಬಿಡಿಸಿ ಹೇಳಬೇಕಿಲ್ಲ. ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಬಸ್ಸುಗಳು ಒಂದೇ ಆವರಣಕ್ಕೆ ಬಂದರೂ ನಿಲ್ಲುವ ಪ್ಲಾಟ್‌ಫಾರ್ಮು ಬೇರೆ ಬೇರೆ. ಐಪಿ ವಿಳಾಸ ಸಂದೇಶವನ್ನು ಸ್ಟ್ಯಾಂಡಿನ ತನಕ ತರುತ್ತದೆ, ಪ್ಲಾಟ್‌ಫಾರ್ಮು ತೋರಿಸುವುದು ಪೋರ್ಟ್. 16 ಬಿಟ್‌ಗಳ ಸಂಖ್ಯೆಯಾದ್ದರಿಂದ 0ಯಿಂದ 65535ರವರೆಗೆ ಇವೆ. ಇಷ್ಟು ಪ್ಲಾಟ್‌ಫಾರ್ಮು ಸಾರಿಗೆ ಸಂಸ್ಥೆ ಕನಸಿನಲ್ಲೂ ಕಟ್ಟಿಸಲಾರದು.

ಹಳೆಯ ಹರಟೆ ತಂತ್ರಾಂಶಗಳಿಗೆ ಒಂದೊಂದು ನಂಬರು ಖಾಯಂ ಆಗಿತ್ತು. 1988ರಲ್ಲಿ ಫಿನ್ಲೆಂಡಿನ ಯಾರ್ಕೊ ಓಯ್ಕರಿನೆನ್ ಬರೆದ ಐಆರ್‌ಸಿಗೆ 6667. ಯಾಹೂ ಮೆಸೆಂಜರಿಗೆ 5050. ಅದು 2018ರಲ್ಲಿ ನಿಂತುಹೋಯಿತು.

ನನ್ನ ಅಚ್ಚುಮೆಚ್ಚು ಮಾತ್ರ 5222. ಜಾಬರ್ ಎಂದು ಶುರುವಾಗಿ ಎಕ್ಸ್‌ಎಂಪಿಪಿ ಎನಿಸಿಕೊಂಡ ಪದ್ಧತಿಯ ಪೋರ್ಟ್ ಅದು. ವಾಟ್ಸ್‌ಆ್ಯಪ್ ಬೆಳೆದದ್ದೂ ಅದೇ ಬುಡದಿಂದ. ಮೊಬೈಲಿನ ಸಂಪರ್ಕಗಳನ್ನು ತೋರಿಸುವ ಆ್ಯಪ್ ತೆರೆದರೆ ವಾಟ್ಸ್‌ಆ್ಯಪ್ ಸಾಲಿನಲ್ಲಿ ಒಮ್ಮೆ 5222, ಒಮ್ಮೆ 443 ಕಾಣುತ್ತದೆ. ಸರ್ವರಿಗೆ ಮೊದಲು ಸಂಪರ್ಕ ಕಟ್ಟುವುದು ನಮ್ಮ ಫೋನೇ. ಕಟ್ಟಿದ್ದನ್ನು ಕಡಿಯದೆ ಹಿಡಿದಿಟ್ಟುಕೊಂಡಿರುತ್ತದೆ, ಅದಕ್ಕೇ ಸಂದೇಶ ತಡವಿಲ್ಲದೆ ಬಂದು ಮುಟ್ಟುತ್ತದೆ. (ಫೋನು ನಿದ್ದೆಹೋಗಿದ್ದರೆ ಆಂಡ್ರಾಯ್ಡ್‌ನಲ್ಲಿ ಎಬ್ಬಿಸುವ ಕೆಲಸ ಗೂಗಲ್‌ನದು, ಸಾಮಾನ್ಯವಾಗಿ 5228ರಲ್ಲಿ.) ಸವಣೂರಿನ ಅಕ್ಕ ‘ಎಲಿ ರೇಟ್ ಇಳದೈತಿ ನೋಡೋ’ ಎಂದು ಕಳಿಸಿದೊಡನೆ ಆ ಸಾಲಿನ ಬೈಟ್ ಲೆಕ್ಕ ಟಕ್ಕನೆ ಮೇಲೇರುತ್ತದೆ. ಒಳಗಿನ ಮಾತು ಎನ್‌ಕ್ರಿಪ್ಟ್ ಆಗಿದ್ದರಿಂದ ಆ ಸಾಲಿನಲ್ಲಿ ಓದಲು ಬಾರದು, ಏನೋ ಬಂತು ಎಂಬುದಷ್ಟೇ ತಿಳಿಯುತ್ತದೆ. ಮಜಾ ಇರುವುದೇ ಅಲ್ಲಿ.

ಈಚಿನ ಆ್ಯಪ್‌ಗಳು ಬಹುಪಾಲು 443ಕ್ಕೇ ಬಂದು ಸೇರಿವೆ. ಕಾಲೇಜು, ಕಚೇರಿಗಳ ಫೈರ್‌ವಾಲ್ ಮಿಕ್ಕಿದ್ದೆಲ್ಲ ತಡೆದರೂ ವೆಬ್ ನೋಡಲು 443 ಬಿಡಲೇಬೇಕಲ್ಲ! ಬ್ಯಾಂಕು, ಸಿನಿಮಾ, ಅಕ್ಕನ ಎಲೆ ರೇಟು ಎಲ್ಲ ಈಗ ಒಂದೇ ನಂಬರಿನಲ್ಲಿ. ಜಾಣತನವೇನೋ ಹೌದು, ನನ್ನಂಥ ನೋಡುಗನಿಗೆ ಮಾತ್ರ ಸಪ್ಪೆ.

ಈ ಚಟ ನಿಮಗೂ ಹತ್ತಿದರೆ ನಿಮ್ಮ ಯಂತ್ರದಲ್ಲೇ ನೋಡಿಕೊಳ್ಳಿ. ಮಂದಿಯ ಯಂತ್ರದ ಪೋರ್ಟ್‌ಗಳನ್ನು ಅವರ ಒಪ್ಪಿಗೆಯಿಲ್ಲದೆ ತಡಕಲು ಹೋಗಬೇಡಿ.