ಅರ್ಜಿಯ ಆ ಒಂದು ಸಾಲು

ಮಗಳಿಗೆ ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದಾಗ ನಾವು ಅಲ್ಲಾಹನನ್ನು ಸ್ತುತಿಸಿದೆವು. ಆದರೆ ಹಾಸ್ಟೆಲ್ ಅರ್ಜಿ ತುಂಬುವಾಗ ಪೆನ್ನು ಒಂದು ಸಾಲಿನಲ್ಲಿ ನಿಂತುಬಿಟ್ಟಿತು: 'ಕಾಯಿಲೆಗಳೇನಾದರೂ ಇವೆಯೇ?'

ಒಂಬತ್ತನೇ ವಯಸ್ಸಿನಿಂದ ಅವಳಿಗೆ ಟೈಪ್ 1 ಮಧುಮೇಹ. ದಿನಕ್ಕೆ ನಾಲ್ಕು ಬಾರಿ ಇನ್ಸುಲಿನ್. "ಇಲ್ಲ ಎಂದೇ ಬರೆಯೋಣ. ರೂಮು ತಪ್ಪೀತು, ನಾಳೆ ಮದುವೆಯ ಮಾತಿಗೂ ಅಡ್ಡಿಯಾದೀತು" ಎಂದೆವು.

"ರಾತ್ರಿ ಶುಗರ್ ಇಳಿದು ಪ್ರಜ್ಞೆ ತಪ್ಪಿದರೆ ಪಕ್ಕದ ಮಂಚದವಳಿಗೆ ಏನು ಮಾಡಬೇಕೆಂದು ಗೊತ್ತಿರಬೇಡವೇ, ಅಮ್ಮೀ?" ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಥಲಸ್ಸೇಮಿಯಾ, ಹಿಮೋಫಿಲಿಯಾ ಅದರಲ್ಲಿವೆ, ಮಧುಮೇಹವಿಲ್ಲ. ಹಾಗಾಗಿ ಮೀಸಲಾತಿ ಕೇಳುವಂತಿರಲಿಲ್ಲ. ಇದ್ದದ್ದನ್ನು ಇದ್ದಂತೆ ಬರೆದು, ವೈದ್ಯರ ಪತ್ರ ಲಗತ್ತಿಸಿ ಮೂರೇ ಕೋರಿಕೆ ಸಲ್ಲಿಸಿದೆವು: ತೆರೆಯದ ಇನ್ಸುಲಿನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಡಲು ಫ್ರಿಜ್ಜಿನಲ್ಲಿ ಜಾಗ, ಹೊತ್ತಿಗೆ ಸರಿಯಾಗಿ ಊಟ, ವಿಷಯ ತಿಳಿದ ಒಬ್ಬ ಜೊತೆಗಾತಿ.

"ಇಂಥ ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಳ್ಳಬಾರದೇ?" ಎಂದರು ಕಚೇರಿಯ ಗುಮಾಸ್ತರು. ವಾರ್ಡನ್ ಮಾತ್ರ ಪತ್ರವನ್ನು ಪೂರ್ತಿ ಓದಿ, ಮೆಸ್ಸಿನ ಫ್ರಿಜ್ಜಿನಲ್ಲಿ ಒಂದು ಡಬ್ಬಿಗೆ ಜಾಗ ಮಾಡಿಸಿದರು. ಊಟದ ಹೊತ್ತು ಈಗಲೂ ಕೆಲವೊಮ್ಮೆ ತಪ್ಪುತ್ತದೆ. ಆದರೆ ಕೊಠಡಿಯ ಗೆಳತಿ, ಒಬ್ಬ ರೈತನ ಮಗಳು, ತನ್ನ ಮೇಜಿನ ಮೇಲೆ ಗ್ಲೂಕೋಸ್ ಪೊಟ್ಟಣ ಇಟ್ಟುಕೊಂಡೇ ಮಲಗುತ್ತಾಳೆ.

ಕಾಯಿಲೆ ಅಲ್ಲಾಹನ ಪರೀಕ್ಷೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅದನ್ನು ಮುಚ್ಚಿಡಲು ಮಕ್ಕಳಿಗೆ ಕಲಿಸುವುದು ಮಾತ್ರ ನಾವೇ ಅವರ ಮೇಲೆ ಹೊರಿಸುವ ಇನ್ನೊಂದು ಪರೀಕ್ಷೆ.