ಡಾಂಬರು ಎಂದು ಕಿತ್ತದ್ದು

ನಮ್ಮ ಅಬ್ಬಾ ಇಳಕಲ್ಲಿನಲ್ಲಿ ಬಾಡಿಗೆ ಕಾರು ಓಡಿಸುತ್ತಾರೆ. ನಾನು ಅದರ ಲೆಕ್ಕ ಬರೆಯುತ್ತೇನೆ. ಪಿಯುಸಿಗೆ ಕಾಮರ್ಸ್ ತೆಗೆದುಕೊಂಡ ಮೇಲೆ ಈ ಕೆಲಸ ನನ್ನ ಪಾಲಿಗೆ ಬಂತು. ಯಾವ ದಿನ ಯಾವ ಊರು, ಎಷ್ಟು ಡೀಸೆಲ್, ಏನು ರಿಪೇರಿ, ಎಲ್ಲವೂ ಒಂದು ನೋಟ್‌ಬುಕ್ಕಿನಲ್ಲಿದೆ.

ಕಳೆದ ಮಳೆಗಾಲದಲ್ಲಿ ಕಾರಿನ ಸ್ಟೇರಿಂಗ್ ನಡುಗಲು ಶುರುವಾಯಿತು. ಬಾದಾಮಿಗೆ ಹೋದರೆ ಏನೂ ಇಲ್ಲ. ಗುಳೇದಗುಡ್ಡದ ಆ ರಸ್ತೆಯಲ್ಲಿ ಅಬ್ಬಾ ಅರವತ್ತು ದಾಟುವುದೇ ಇಲ್ಲ. ಆದರೆ ಹುನಗುಂದದ ಕಡೆ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಮುಳ್ಳು 80 ದಾಟಿದ ಕೂಡಲೇ ಸ್ಟೇರಿಂಗ್ ಚಳಿಜ್ವರ ಬಂದವರಂತೆ ನಡುಗುತ್ತಿತ್ತು. ನಮ್ಮ ಕಾಯಂ ಗಿರಾಕಿಯಾಗಿದ್ದ ಸೀರೆ ವ್ಯಾಪಾರಿಯೊಬ್ಬರು ಹೆದರಿ ಬೇರೆ ಗಾಡಿ ಹಿಡಿದರು.

ಒಂದು ಅಂಗಡಿಯಲ್ಲಿ ಎರಡು ಸಲ ಅಲೈನ್‌ಮೆಂಟ್ ಮಾಡಿಸಿದೆವು, 800 ರೂಪಾಯಿ. ಇನ್ನೊಂದು ಕಡೆ ಟೈ ರಾಡ್ ಎಂಡ್ ಬದಲಿಸಿದರು, 1,800. ನಡುಕ ಹಾಗೇ ಇತ್ತು. ಮೂರನೆಯವರು ಇಡೀ ಸ್ಟೇರಿಂಗ್ ಬಾಕ್ಸ್ ಹೋಗಿದೆ, 11,000 ಬೇಕು ಎಂದರು. ಅಷ್ಟು ಹಣ ಮನೆಯಲ್ಲಿತ್ತು, ಆದರೆ ಅದು ಆಪಾಳ ನರ್ಸಿಂಗ್ ಫೀಜಿನ ಎರಡನೇ ಕಂತು. ಆಪಾ ತಾನೇ "ಗಾಡಿ ಇದ್ರೆ ತಾನೆ ಫೀಜು, ಮೊದಲು ಗಾಡಿ ಮಾಡಿಸಿ" ಎಂದಳು. ಅಮ್ಮಿ ಅಂದು ಊಟ ಮಾಡಲಿಲ್ಲ.

ಕೊಡುವ ಮುಂಚೆ ಬಾಗಲಕೋಟೆಯ ಹಳೇ ಮೆಕ್ಯಾನಿಕ್ ಒಬ್ಬರಿಗೆ ತೋರಿಸೋಣ ಎಂದು ಅಬ್ಬಾ ಹೊರಟರು, ನಾನೂ ಹೋದೆ. ಆ ಕಾಕಾ ಪಾನಾ ಮುಟ್ಟಲೇ ಇಲ್ಲ, ಮೊದಲು ಬರೀ ಕೇಳಿದರು.

"ಸ್ಟೇರಿಂಗ್ ನಡಗತೈತ್ಯೋ, ಸೀಟು ನಡಗತೈತ್ಯೋ?"

"ಸ್ಟೇರಿಂಗ್ ರೀ."

"ಬ್ರೇಕ್ ಹೊಡದಾಗ ಹೆಚ್ಚಾಗತೈತೇನು?"

"ಇಲ್ಲ ರೀ."

"ಗೇರ್ ನ್ಯೂಟ್ರಲ್ ಮಾಡಿ ಬಿಟ್ರ?"

"ಆಗಲೂ ನಡಗತೈತಿ."

ಆಮೇಲೆ ಅವರು ನನಗೆ ಬಿಡಿಸಿ ಹೇಳಿದರು. ಸೀಟು ನಡುಗಿದರೆ ಹಿಂದಿನ ಚಕ್ರ, ಸ್ಟೇರಿಂಗ್ ನಡುಗಿದರೆ ಮುಂದಿನದು ಎಂದು ಮೊದಲು ಅನುಮಾನಿಸಬೇಕು. ಬ್ರೇಕ್ ಹಾಕಿದಾಗ ಮಾತ್ರ ನಡುಗಿದರೆ ಡಿಸ್ಕ್ ನೋಡಬೇಕು. ಎಕ್ಸಲರೇಟರ್ ಒತ್ತಿದಾಗ ಮಾತ್ರವಾದರೆ ಎಕ್ಸೆಲ್ ಜಾಯಿಂಟ್. ಅಲೈನ್‌ಮೆಂಟ್ ತಪ್ಪಿದರೆ ಗಾಡಿ ಒಂದು ಕಡೆ ಎಳೆಯುತ್ತದೆ, ಟೈರು ಒಂದೇ ಬದಿ ಸವೆಯುತ್ತದೆ, ಹೀಗೆ ನಡುಗುವುದು ಅಪರೂಪ. ನಿರ್ದಿಷ್ಟ ವೇಗಕ್ಕೆ ಬಂದಾಗಲೇ ನಡುಗಿದರೆ ಮೊದಲು ಚಕ್ರದ ತೂಕ ನೋಡಬೇಕು. ಜಾಕ್ ಹಚ್ಚಿ ಚಕ್ರವನ್ನು ಎರಡೂ ಕೈಯಿಂದ ಅಲ್ಲಾಡಿಸಿದರು. ಸಡಿಲ ಇರಲಿಲ್ಲ.

ಪಕ್ಕದ ಅಂಗಡಿಯ ಬ್ಯಾಲೆನ್ಸಿಂಗ್ ಮಷೀನಿಗೆ ಎಡಗಡೆಯ ಚಕ್ರ ಹಾಕಿದರು. ತಿರುಗಿ ನಿಂತಾಗ ಒಳಬದಿಗೆ 30 ಗ್ರಾಂ ಎಂದು ತೋರಿಸಿತು. ಬರೀ 30 ಗ್ರಾಂ! ಆಮೇಲೆ ಸೈನ್ಸ್ ಓದುವ ಗೆಳೆಯನ ಜೊತೆ ಕೂತು ಲೆಕ್ಕ ಹಾಕಿದೆ. 90 ಕಿ.ಮೀ. ವೇಗದಲ್ಲಿ ನಮ್ಮ ಚಕ್ರ ಸೆಕೆಂಡಿಗೆ ಸುಮಾರು 14 ಸಲ ತಿರುಗುತ್ತದೆ. ಆಗ ಆ 30 ಗ್ರಾಂ ವ್ಯತ್ಯಾಸ ಸುಮಾರು ಮೂರೂವರೆ ಕಿಲೋ ತೂಕದಷ್ಟು ಎಳೆಯುತ್ತದೆ, ಅದೂ ಪ್ರತಿ ಸುತ್ತಿಗೂ. ವೇಗ ಅರ್ಧವಾದರೆ ಎಳೆತ ಕಾಲು ಭಾಗವಾಗುತ್ತದೆ. ಬಾದಾಮಿ ರಸ್ತೆಯಲ್ಲಿ ಯಾಕೆ ಗೊತ್ತಾಗಲಿಲ್ಲ ಎಂಬುದು ಆಗ ತಿಳಿಯಿತು.

ಕಾಕಾ ರಿಮ್ಮಿನ ಒಳಗೆ ಬೆರಳಾಡಿಸಿ ಅಂಟಿನ ಗುರುತು ತೋರಿಸಿದರು. "ಇಲ್ಲಿ ಸೀಸದ ಪಟ್ಟಿ ಇತ್ತು ನೋಡು. ಯಾರೋ ಕಿತ್ತಾರ."

ನನ್ನ ಎದೆ ಧಸಕ್ಕೆಂದಿತು. ಹುನಗುಂದದ ಹತ್ತಿರದ ಹಳ್ಳಿಗೆ ಮದುವೆ ಬಾಡಿಗೆ ಹೋಗಿ ಬಂದ ದಿನ ಚಕ್ರದೊಳಗೆಲ್ಲ ಎರಿ ಮಣ್ಣು ಮೆತ್ತಿತ್ತು. ಕಾರು ತೊಳೆದವನು ನಾನು. ಕಪ್ಪಗೆ ಏನೋ ಅಂಟಿತ್ತು, ಡಾಂಬರು ಎಂದುಕೊಂಡು ಸ್ಕ್ರೂಡ್ರೈವರಿನಿಂದ ಕಿತ್ತು ಗಟಾರಿಗೆ ಎಸೆದಿದ್ದೆ. ಮನೆಗೆ ಬಂದು ನೋಟ್‌ಬುಕ್ ತೆಗೆದು ನೋಡಿದೆ. ಆ ಬಾಡಿಗೆಯ ಮುಂದಿನ ಪುಟದಲ್ಲೇ ನನ್ನದೇ ಅಕ್ಷರದಲ್ಲಿ "ಸ್ಟೇರಿಂಗ್ ನಡುಕ" ಎಂದಿತ್ತು.

ನಾನು ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎರಡು ದಿನ ಹೇಳಲಿಲ್ಲ ಕೂಡ. ಆದರೆ ಅಬ್ಬಾ ಮನೆಗೆ ಬಂದವರ ಮುಂದೆಲ್ಲ, ಕಾರು ಮಾರಿದವನೇ ಪಟ್ಟಿ ಕಿತ್ತು ಮೋಸ ಮಾಡಿದ ಎಂದು ಬೈಯತೊಡಗಿದರು. ಮೂರನೇ ದಿನ ಇಶಾ ನಮಾಜಿನಿಂದ ಬರುವಾಗ ದಾರಿಯಲ್ಲೇ ಹೇಳಿಬಿಟ್ಟೆ.

ಅಬ್ಬಾ ಸ್ವಲ್ಪ ದೂರ ಸುಮ್ಮನೆ ನಡೆದರು. "ಮೊದಲು ಆ ಮನುಷ್ಯನಿಗೆ ಫೋನ್ ಮಾಡಿ ಮಾಫಿ ಕೇಳಬೇಕು" ಎಂದರು. ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ, "2,600 ಯಾರ ಖಾತೆಗೆ ಬರೆಯುತ್ತಿ?" ಎಂದು ಕೇಳಿದರು.

ನನ್ನ ಹೆಸರಿಗೇ ಬರೆದುಕೊಂಡೆ. ಭಾನುವಾರ ಸೀರೆ ಅಂಗಡಿಯಲ್ಲಿ ಮಡಿಕೆ ಹಾಕುವ ಕೆಲಸಕ್ಕೆ ಹೋಗುತ್ತಿದ್ದೇನೆ. ಇನ್ನೂ 1,700 ಬಾಕಿ ಇದೆ.